ಸ್ಪಷ್ಟನೆ: ಕೋಪವೂ ದ್ವೇಷವೂ ಒಂದೇ ಅಲ್ಲ

ಸಮುದಾಯಗಳ ನಡುವಿನ ಸಂಘರ್ಷಕ್ಕೆ ಕೋಪವೇ ಮೂಲ, ಅದು ತಣಿದರೆ ಶಾಂತಿ ತಾನಾಗಿ ನೆಲೆಸುತ್ತದೆ ಎಂದು ಮನೋವಿಜ್ಞಾನ ಸಾಬೀತುಪಡಿಸಿದೆ ಎಂಬ ಮಾತು ಹರಿದಾಡುತ್ತಿದ್ದು, ಅದು ಸರಿಯಲ್ಲ. ಕೋಪವು ಎದುರು ಗುಂಪು ಎಸಗಿದ ಕೃತ್ಯದ ಮೇಲೆ ಹುಟ್ಟುವಂಥದ್ದು. ಆ ನಡತೆಯನ್ನು ತಿದ್ದಬಹುದೆಂಬ ನಿರೀಕ್ಷೆ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ. ದ್ವೇಷವಾದರೋ ಆ ಗುಂಪಿನ ಸ್ವಭಾವವೇ ಕೆಟ್ಟದ್ದು, ಎಂದಿಗೂ ಬದಲಾಗದು ಎಂದು ತೀರ್ಮಾನಿಸಿಬಿಡುತ್ತದೆ. ಮನೋವಿಜ್ಞಾನಿ ಎರಾನ್ ಹಾಲ್ಪೆರಿನ್ ಮತ್ತು ಸಂಗಡಿಗರು ಇಸ್ರೇಲಿನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ಯಾಲೆಸ್ಟೀನಿಯರ ಬಗ್ಗೆ ದ್ವೇಷ ಕಡಿಮೆಯಿದ್ದವರಲ್ಲಿ ಕೋಪ ಕೆರಳಿದಾಗ ರಾಜಿಗೆ ಬೆಂಬಲ ಹೆಚ್ಚಿತ್ತು. ಇದನ್ನು ಕೋಪದ ಸಮರ್ಥನೆಯೆಂದು ಓದಬಾರದು; ದ್ವೇಷ ಬೇರೂರಿದ ಕಡೆ ಈ ಫಲಿತಾಂಶವನ್ನು ನಿರೀಕ್ಷಿಸಲಾಗದು. ಸಂಘರ್ಷದಲ್ಲಿ ಭಯ, ಅವಮಾನಗಳ ಪಾತ್ರವನ್ನಂತೂ ಹರಿದಾಡುತ್ತಿರುವ ಆ ಮಾತು ಮುಟ್ಟಿಯೇ ಇಲ್ಲ.