ಕೊಡೆಯ ಕೆಳಗಿನ ಅಜ್ಜ

ನನ್ನ ಇಡ್ಲಿ ತಣ್ಣಗಾದದ್ದಕ್ಕೆ ಎರಡನೇ ಮಹಾಯುದ್ಧವೇ ಕಾರಣ ಎಂದು ಹೇಳಿದರೆ ಮನೆಯಲ್ಲಿ ಯಾರೂ ನಂಬಲಿಲ್ಲ.

ಮಡಿಕೇರಿಯ ಚೌಕಿ ವೃತ್ತದ ಹತ್ತಿರ ನಾನು ವರ್ಷಗಳಿಂದ ತಿಂಡಿಗೆ ಹೋಗುವ ಹೋಟೆಲೊಂದಿದೆ. ಕಳೆದ ವಾರ ಹೋದರೆ ಗಲ್ಲಾಪೆಟ್ಟಿಗೆಯ ಮೇಲಿದ್ದ ಲಕ್ಷ್ಮಿಯ ಪಟ ಮೂಲೆಗೆ ಸರಿದಿತ್ತು. ಆ ಜಾಗದಲ್ಲಿ ಮಂಚದ ಹಲಗೆಯಷ್ಟು ದೊಡ್ಡ ಫೋಟೋ. ಅಡಿಯಲ್ಲಿ ಬಂಗಾರದ ಅಕ್ಷರ: 'ಯುದ್ಧಕಾಲದ ಚೌಕಿ, 1943'. ಅದರ ಮುಂದೆ ಏಳೆಂಟು ಹಿರಿಯರು ಕತ್ತೆತ್ತಿ ನಿಂತಿದ್ದರು. ಬಡಿಸುವ ಹುಡುಗನೂ ಸಾಂಬಾರಿನ ಬಕೆಟ್ಟಿನ ಸಮೇತ ಅಲ್ಲೇ ನಿಂತಿದ್ದ. ಎರಡು ಸಲ ಕೂಗಿದೆ. ಅವನು ಇತಿಹಾಸದಿಂದ ಕಣ್ಣು ಕೀಳಲಿಲ್ಲ.

ಅಂಥಾದ್ದೇನಿದೆ ಎಂದು ನಾನೂ ಎದ್ದುಹೋಗಿ ನೋಡಿದೆ. ಹದಿನಾಲ್ಕು ಕೊಡೆಗಳು. ಎಣಿಸಿದ್ದೇನೆ. ನಡು ಆಷಾಢದಲ್ಲಿ ಮಡಿಕೇರಿಯ ಬಯಲಿನಲ್ಲಿ ನಿಂತು ಫೋಟೋ ತೆಗೆದ ಆ ಪುಣ್ಯಾತ್ಮ ಯಾರೋ, ಅವನಿಗೆ ಸಿಕ್ಕಿದ್ದು ಕೊಡೆ, ಕೊಡೆಯ ಕೆಳಗೆ ಪಂಚೆ, ಪಂಚೆಯ ಕೆಳಗೆ ಕೆಸರು. ಬಲಗಡೆಯ ಅರ್ಧ ಪೂರ್ತಿ ಮಂಜು. ಹುಡುಕಿದರೂ ಒಂದು ಮುಖವಿಲ್ಲ. ಆದರೂ ಹೋಟೆಲಿನೊಳಗೆ ಪರಿಚಯ ಭರದಿಂದ ನಡೆದಿತ್ತು.

"ಇವರು ನಮ್ಮ ದೊಡ್ಡಜ್ಜ. ನಿಲ್ಲುವ ಗತ್ತು ನೋಡಿ."

"ಅದು ನಿಮ್ಮ ದೊಡ್ಡಜ್ಜ ಹೇಗಾಗುತ್ತಾರೆ? ನಮ್ಮ ಮಾವನವರ ತಂದೆ. ಅವರಿಗೆ ಎಡಗಾಲು ಸ್ವಲ್ಪ ಸೊಟ್ಟ."

ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತ ಕಾಲು ಸೊಟ್ಟವೋ ನೆಟ್ಟಗೋ, ಬಲ್ಲವರು ಯಾರು!

ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ, ಬಣ್ಣಕ್ಕೆ. ಯಾರೋ ಕಂಪ್ಯೂಟರಿನಲ್ಲಿ ಕೂತು ಕಪ್ಪುಬಿಳುಪಿನ ಫೋಟೋಗೆ ಬಣ್ಣ ಬಳಿದಿದ್ದರು. ಒಂದು ಕೊಡೆ ಕೆಂಪು, ಒಂದು ನೀಲಿ, ಒಂದು ಗಿಳಿಹಸಿರು. ಮಂಜಿಗೆ ಕೇಸರಿಬಾತಿನ ಬಣ್ಣ. ಆ ಕಾಲದ ಗಂಡಸರ ಕೊಡೆ ಎಂದರೆ ಕಪ್ಪು, ಹಳತಾದರೆ ಬೂದು, ಇನ್ನೂ ಹಳತಾದರೆ ತೂತು. ಅಷ್ಟೇ. ಇನ್ನು 'ಯುದ್ಧಕಾಲ' ಎಂಬ ಆ ಬಂಗಾರದ ಮಾತು. ಚೌಕಿಯಲ್ಲಿ ಯಾರೂ ಗುಂಡು ಹಾರಿಸಲಿಲ್ಲ. ಇದೇ ಊರಿನಲ್ಲಿ ಹುಟ್ಟಿ ಮುಂದೆ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರು 1944ರ ಹೊತ್ತಿಗೆ ಬರ್ಮಾದ ಅರಾಕಾನಿನಲ್ಲಿ ಬೆಟಾಲಿಯನ್ ನಡೆಸುತ್ತಿದ್ದರು, ನಿಜ. ಊರಿಗೆ ಬಂದ ಯುದ್ಧ ಬೇರೆ ತರಹದ್ದು: ಸೀಮೆಎಣ್ಣೆಗೆ ಸಾಲು, ತಾಮ್ರ ಉಳಿಸಲು 1943ರಿಂದ ಟಂಕಿಸಿದ ತೂತಿನ ಕಾಸು, ಯುರೋಪಿನ ಹಡಗು ನಿಂತು ಕೇಳುವವರಿಲ್ಲದ ಕಾಫಿ. ಆ ಕಾಫಿಗೆ ಒಂದು ಗತಿ ಕಾಣಿಸಲೆಂದೇ 1942ರಲ್ಲಿ ಕಾಫಿ ಕಾಯ್ದೆ ಬಂತು. ಇವೆಲ್ಲ ಫೋಟೋದಲ್ಲಿ ಬೀಳುವಂಥವಲ್ಲ.

ಆದರೆ ಮಂಜಿನಂಚಿನಲ್ಲಿ ಒಂದು ಆಕಾರವಿತ್ತು. ಎತ್ತರದ ಉರುಟು ಡಬ್ಬಿ, ಪಕ್ಕದಲ್ಲಿ ಕೊಳವೆ.

"ಟ್ಯಾಂಕು!" ಎಂದರು ಒಬ್ಬರು. ಮಿಲಿಟರಿ ಟ್ಯಾಂಕೋ ನೀರಿನ ಟ್ಯಾಂಕೋ ಎಂದು ಚರ್ಚೆಯಾಯಿತು. ಬಚ್ಚಲಿನ ಹಂಡೆ ಎಂದವರೂ ಇದ್ದರು. ನನ್ನ ಬಾಯಿ ತಡೆಯಲಿಲ್ಲ. ಅದು ಇದ್ದಿಲು ಬಸ್ಸಿನ ಬೆನ್ನು ಎಂದೆ.

ಹೇಳಿದ ಮೇಲೆ ಅಜ್ಜನ ಕಥೆ ಹೇಳದೆ ಬಿಡುವ ಹಾಗಿರಲಿಲ್ಲ. ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಉಕ್ಕಿನ ಒಲೆಯೊಂದನ್ನು ಕಟ್ಟಿ, ಅರೆಗಾಳಿಯಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ಬೆಳಗಿನ ಜಾವಕ್ಕೇ ಕ್ಲೀನರ್ ಬಂದು ಹಿಡಿಕೆ ತಿರುಗಿಸಿ ಗಾಳಿ ಹಾಕಬೇಕು. ಅರ್ಧ ಗಂಟೆ ತಿರುಗಿಸಿದ ಮೇಲೆ ಬಸ್ಸಿಗೆ ಮನಸ್ಸು ಬಂದರೆ ಬಂತು. ಸಮತಟ್ಟಿನಲ್ಲಿ ಹೇಗೋ ಓಡುವ ಅದು ಏರು ಕಂಡೊಡನೆ ದಮ್ಮಿನ ರೋಗಿಯಾಗುತ್ತಿತ್ತು. ಕೊಡಗಿನಲ್ಲಿ ಏರು ಬಿಟ್ಟು ಬೇರೇನಿದೆ?

ನಮ್ಮ ಅಜ್ಜ ಇಪ್ಪತ್ತಮೂರರ ಹರೆಯದಲ್ಲಿ ಹೆಣ್ಣು ನೋಡಲು ಮೈಸೂರಿಗೆ ಹೊರಟದ್ದು ಇಂಥ ಬಸ್ಸಿನಲ್ಲಿ. ಬಿಳಿ ಪಂಚೆ, ಬಿಳಿ ಷರಟು, ಇಸ್ತ್ರಿ ಮಾಡಿದ ಉತ್ತರೀಯ. ಫ್ರೇಜರ್‌ಪೇಟೆಯವರೆಗೆ, ಅಂದರೆ ಈಗಿನ ಕುಶಾಲನಗರದವರೆಗೆ, ಇಳಿಜಾರು, ಮರ್ಯಾದೆ ಉಳಿಯಿತು. ಅಲ್ಲಿಂದ ಮುಂದೆ ಒಂದು ದಿಣ್ಣೆಯಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿದರು. ಅಜ್ಜನಿಗೆ ಸಿಕ್ಕಿದ್ದು ಸರಿಯಾಗಿ ಒಲೆಯ ಪಕ್ಕದ ಜಾಗ. ಕ್ಲೀನರ್ ಕಬ್ಬಿಣದ ಸಲಾಕೆಯಿಂದ ಒಳಗೆ ಕೆದಕಿದ. ಬೂದಿಯೂ ಮಸಿಯೂ ಒಟ್ಟಿಗೆ ಹಾರಿ ಅಜ್ಜನ ಮುಖದ ಮೇಲೆ ಬಂದು ಕೂತವು. ಮತ್ತೆ ಎರಡು ಕಡೆ ತಳ್ಳಿದರು. ಮಧ್ಯಾಹ್ನದ ಊಟಕ್ಕೆ ಎಂದವರು ಹೆಣ್ಣಿನ ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಬಾಗಿಲು ತೆಗೆದ ಹೆಣ್ಣಿನ ತಾಯಿ ಒಳಗೆ ತಿರುಗಿ, "ಇದ್ದಿಲಿನವನು ಬಂದಿದ್ದಾನೆ, ನಾಳೆ ಬರಲು ಹೇಳಲೇ?" ಎಂದು ಕೇಳಿದರಂತೆ.

ಆ ಸಂಬಂಧ ಕುದುರಲಿಲ್ಲ. ಅಜ್ಜಿ ಸಿಕ್ಕಿದ್ದು ಸುಂಟಿಕೊಪ್ಪದ ಕಡೆಯಿಂದ. ಅಲ್ಲಿಗೆ ಅಜ್ಜ ನಡೆದೇ ಹೋಗಿದ್ದರು. ಸಾಯುವವರೆಗೂ ಅಜ್ಜಿ ಮುನಿದಾಗಲೆಲ್ಲ "ಆ ಬಸ್ಸು ಸರಿಯಾಗಿ ಓಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ" ಎನ್ನುತ್ತಿದ್ದಳು.

ಕಥೆ ಮುಗಿಸಿ ಸುತ್ತ ನೋಡಿದೆ. ಯಾರೂ ನಗಲಿಲ್ಲ. ಒಬ್ಬರು ನಿಟ್ಟುಸಿರು ಬಿಟ್ಟು, "ಏನೇ ಹೇಳಿ, ಆ ಕಾಲವೇ ಚೆಂದ" ಎಂದರು. ಅವರು ಹುಟ್ಟಿದ್ದು 1958ರಲ್ಲಿ; ನನಗಿಂತ ಒಂದು ತರಗತಿ ಹಿಂದಿದ್ದರು. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿದವರಲ್ಲ, ಬಸ್ಸು ತಳ್ಳಿದವರಲ್ಲ. ಈಗ ಕಾರಿನ ಕಿಟಕಿ ಇಳಿಸಲೂ ಗುಂಡಿ ಒತ್ತುತ್ತಾರೆ. ಚೆಂದವಂತೆ!

ತಣ್ಣನೆಯ ಇಡ್ಲಿ ತಿಂದು ಹಣ ಕೊಡಲು ಗಲ್ಲಾದ ಮುಂದೆ ನಿಂತೆ. ಬೇಡವೆಂದರೂ ಕಣ್ಣು ಮೇಲೆ ಹೋಯಿತು. ಬಸ್ಸಿನ ಪಕ್ಕದಲ್ಲೇ ಒಂದು ಕೊಡೆ, ಗಿಳಿಹಸಿರಿನದು, ಸ್ವಲ್ಪ ವಾಲಿತ್ತು. ಒಂದು ಕಡ್ಡಿ ಮುರಿದು ಬಟ್ಟೆ ಜೋತುಬಿದ್ದಿತ್ತು. ನಮ್ಮ ಅಟ್ಟದ ಮೇಲಿರುವ ಅಜ್ಜನ ಕೊಡೆಯ ಕಡ್ಡಿ ಮುರಿದಿರುವುದೂ ಅದೇ ಬದಿಗೆ. ನಿಲ್ಲುವ ರೀತಿಯೂ... ಅದೇ.

"ನೋಡಿ," ಎಂದೆ ಗಲ್ಲಾದವರಿಗೆ, ದನಿ ತಗ್ಗಿಸಿ. "ಆ ಹಸಿರು ಕೊಡೆಯವರು ನಮ್ಮ ಅಜ್ಜ."

ಅವರು ಚಿಲ್ಲರೆ ಎಣಿಸುತ್ತಲೇ ತಲೆಯೆತ್ತದೆ ಹೇಳಿದರು: "ಅದು ಬೆಳಗ್ಗೆಯೇ ಒಬ್ಬರಿಗೆ ಆಯಿತು ಸಾರ್. ಅದರ ಎಡಗಡೆಯದು ಖಾಲಿ ಇದೆ, ನೋಡಿ."