ಮೇಲಿನ ಹೊದಿಕೆ ತೆಗೆದರೆ ಸಾಲದು

ಕಿಡ್ನಿ ಕಾಯಿಲೆ ಇರುವವರು ಬ್ರೆಡ್ ಕ್ರಂಬ್ಸ್ ಹೊದಿಕೆ ಸುಲಿದು ಒಳಗಿನ ಚಿಕನ್ ತಿಂದರೆ ತೊಂದರೆಯಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮನೆಯಲ್ಲಿ ಮಾಡಿದ್ದಕ್ಕೆ ಈ ಮಾತು ಸ್ವಲ್ಪ ಮಟ್ಟಿಗೆ ಸರಿ. ಫ್ರೋಜನ್ ಪ್ಯಾಕೆಟ್‌ನದಕ್ಕೆ ಖಂಡಿತ ಅಲ್ಲ. ಅಲ್ಲಿ ಎಷ್ಟೋ ಸಲ ಉಪ್ಪು, ಫಾಸ್ಫೇಟ್ ಬೆರೆಸಿದ ನೀರನ್ನು ಮಾಂಸದೊಳಗೇ ಸೇರಿಸಿರುತ್ತಾರೆ. ಹೊದಿಕೆ ಸುಲಿದರೆ ಅದು ಹೋಗುತ್ತಾ?

ಫಾಸ್ಫೇಟ್‌ನಲ್ಲಿರುವುದು ರಂಜಕ (ಫಾಸ್ಫರಸ್); ದುರ್ಬಲ ಕಿಡ್ನಿಗೆ ಅದನ್ನು ಸರಿಯಾಗಿ ಹೊರಹಾಕಲು ಆಗುವುದಿಲ್ಲ. ಚಿಕನ್‌ನಲ್ಲಿ ಸಹಜವಾಗಿರುವ ರಂಜಕದಲ್ಲಿ ಸುಮಾರು 40ರಿಂದ 60 ಶೇಕಡಾ ಮಾತ್ರ ಮೈಗೆ ಸೇರುತ್ತದೆ. ಹೊರಗಿನಿಂದ ಬೆರೆಸಿದ್ದು ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಕಿಡ್ನಿ ಕಾಯಿಲೆ ಇರುವ ನಮ್ಮ ತಂದೆಗೆ ಅಡುಗೆ ಮಾಡುವವಳು ನಾನೇ, ಹಾಗಾಗಿ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದದೆ ಏನನ್ನೂ ಕೊಳ್ಳುವುದಿಲ್ಲ. ರಂಜಕ ಎಷ್ಟಿದೆ ಎಂದು ಹೆಚ್ಚಿನವರು ಬರೆದೇ ಇರುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ‘ಸೋಡಿಯಂ ಟ್ರೈಪಾಲಿಫಾಸ್ಫೇಟ್’ ತರಹ ಎಲ್ಲಾದರೂ ‘ಫಾಸ್’ ಕಂಡರೆ ವಾಪಸ್ ಇಡಿ. ‘ಉಪ್ಪು ಕಡಿಮೆ’ ಎಂದು ಬರೆದಿದ್ದನ್ನೂ ಸುಮ್ನೆ ನಂಬಬೇಡಿ. ಕೆಲವದರಲ್ಲಿ ಉಪ್ಪಿನ ಬದಲು ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. ರಕ್ತದಲ್ಲಿ ಪೊಟ್ಯಾಶಿಯಂ ಜಾಸ್ತಿ ಇರುವವರಿಗೆ ಅದು ಅಪಾಯ.

ಆಸೆಪಟ್ಟವರಿಗೆ ಬೇಡವೇ ಬೇಡ ಅನ್ನಬೇಕಿಲ್ಲ. ಏನೂ ಬೆರೆಸದ ತಾಜಾ ಚಿಕನ್ ತಂದು, ಮೊಟ್ಟೆಯ ಬಿಳಿಯಲ್ಲಿ ಅದ್ದಿ, ಉಪ್ಪಿಲ್ಲದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಓವನ್‌ನಲ್ಲಿ ಬೇಯಿಸಿ. ಬೆಳ್ಳುಳ್ಳಿ, ಕಾಳುಮೆಣಸು ಹಾಕಿದರೆ ಉಪ್ಪಿನ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಬೇಕಿಂಗ್ ಪೌಡರ್ ಮಾತ್ರ ಬೇಡ, ಅದರಲ್ಲೂ ಫಾಸ್ಫೇಟ್ ಇರುವುದುಂಟು.

ಇನ್ನೊಂದು ವಿಷಯ. ಎಷ್ಟು ಚಿಕನ್ ತಿನ್ನಬಹುದು ಎಂದು ಎಲ್ಲರಿಗೂ ಒಂದೇ ಅಳತೆ ಹೇಳಿದ್ದೀರಿ. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಜಾಸ್ತಿ ಬೇಕು, ಇನ್ನೂ ಶುರುವಾಗದವರಿಗೆ ಸಾಮಾನ್ಯವಾಗಿ ಮಿತಿ ಇರುತ್ತದೆ. ದಯವಿಟ್ಟು ಇದನ್ನು ಲೇಖನದಲ್ಲಿ ಸೇರಿಸಿ.