ದುಡ್ಡು ಮೊದಲು ಕಾರಿನ ನೆಲಕ್ಕೆ ಹಾಕಿ

ಕಡಿಮೆ ದುಡ್ಡಿನಲ್ಲಿ ಹಳೇ ಕಾರು ರೆಡಿ ಮಾಡಿಸುವ ಹುಡುಗರು ನಮ್ಮ ಶಿವಮೊಗ್ಗದ ಕಡೆ ಈಗ ಜಾಸ್ತಿ ಆಗಿದ್ದಾರೆ. ನನಗಂತೂ ತುಂಬಾ ಖುಷಿ. ಆದರೆ ಹೆಚ್ಚಿನವರು ಕಾರು ತಂದ ಮರುದಿನವೇ ಅಲಾಯ್ ವೀಲ್ ರೇಟ್ ಕೇಳುತ್ತಾರೆ. ಆಮೇಲೆ ಪೇಂಟ್, ಆಮೇಲೆ ಮ್ಯೂಸಿಕ್ ಸಿಸ್ಟಮ್. ಕಾರ್ಪೆಟ್ ಎತ್ತಿ ಕೆಳಗೆ ನೋಡುವವರು ಕಡಿಮೆ. ಬಜೆಟ್ ಚಿಕ್ಕದಿದ್ದರೆ ಮೊದಲ ದುಡ್ಡು ತುಕ್ಕಿಗೆ, ಆಮೇಲಿನದು ಬ್ರೇಕಿಗೆ ಹೋಗಬೇಕು. ಬಣ್ಣ ಕಾಯಬಹುದು.

ನಾನು ಮಾಡಿಸಿದ್ದು 1998ರ ಮಾರುತಿ 800. ಸಾಗರದ ಹತ್ತಿರ ಒಬ್ಬರ ಮನೆ ಹಿಂದೆ ಮಳೆಯಲ್ಲಿ ನಿಂತಿತ್ತು. ಮುಂದೆ ಗುದ್ದಿ ಬಾನೆಟ್ ಮಡಚಿಕೊಂಡಿತ್ತು. ರೇಡಿಯೇಟರ್ ಹೋಗಿತ್ತು. ಒಂದು ಹೆಡ್‌ಲೈಟ್ ಇರಲೇ ಇಲ್ಲ. ಗುಜರಿಯವರು ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ತಂದೆ. ನೋಡಿದವರಿಗೆಲ್ಲ ಮುಂದಿನ ಡ್ಯಾಮೇಜೇ ದೊಡ್ಡದಾಗಿ ಕಂಡಿತು. ಬಾನೆಟ್, ಫೆಂಡರ್, ಬಂಪರ್ ಎಲ್ಲ ಬೋಲ್ಟ್ ಬಿಚ್ಚಿ ಬದಲಾಯಿಸುವ ಸಾಮಾನು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೇದು ಸಿಗುತ್ತದೆ, ಅಲ್ಲೇ ಜೆ.ಸಿ. ರೋಡಿನಲ್ಲಿ ಹೊಸದು ಸಿಗುತ್ತದೆ. ನಿಜವಾದ ಕೆಲಸ ಇದ್ದದ್ದು ಸೀಟಿನ ಕೆಳಗೆ. ಕಾರ್ಪೆಟ್ ಎತ್ತಿದರೆ ಡ್ರೈವರ್ ಕಾಲಿನ ಹತ್ತಿರ ನೆಲವೇ ಇರಲಿಲ್ಲ.

800ಕ್ಕೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಬಾಡಿ ಹೊರುವ ಕೆಳಗಿನ ಫ್ರೇಮ್, ಇಲ್ಲ. ಬಾಡಿಯೇ ಚಾಸಿ. ನೆಲ, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಮುಂದಿನ ಸ್ಟ್ರಟ್ (ಚಕ್ರದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಕೂರುವ ಜಾಗ, ಎಲ್ಲ ತಗಡೂ ಸೇರಿ ಭಾರ ಹೊರುತ್ತವೆ. ಅಲ್ಲಿ ತುಕ್ಕು ತಿಂದರೆ ಕಾರು ಮೇಲೆ ಎಷ್ಟೇ ಹೊಳೆದರೂ ಒಳಗೆ ಸೋತಿರುತ್ತದೆ. ಇನ್ನೊಂದು ಸಲ ಗುದ್ದಿದರೆ ಮಡಚಿಕೊಳ್ಳುವುದು ನೀವು ಕೂತ ಜಾಗವೇ. ಅದಕ್ಕೇ ನಾನು ಈ ವಿಷಯದಲ್ಲಿ ಇಷ್ಟು ಹಠ ಹಿಡಿಯುತ್ತೇನೆ.

ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್ ಇರಲಿ. ಪುಟ್ಟಿ ದಪ್ಪ ಹಾಕಿದ ಕಡೆ ಅಯಸ್ಕಾಂತ ಅಂಟುವುದಿಲ್ಲ. ಬಾಗಿಲ ಕೆಳ ಅಂಚು ನೋಡಿ. ಅಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಮಣ್ಣು ಕಟ್ಟಿದರೆ ಬಾಗಿಲು ಒಳಗಿಂದ ಕೊಳೆಯುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ ನೋಡಿ. ಮುಂದಿನ ಗಾಜಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಕೆಳಗೂ ನೋಡಿ, ಮಲೆನಾಡು, ಕರಾವಳಿಯ ಕಾರುಗಳಲ್ಲಿ ನೀರು ಒಳಗೆ ಬರುವುದು ಎಷ್ಟೋ ಸಲ ಅಲ್ಲಿಂದಲೇ. ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿದರೆ ಒಳ್ಳೆ ತಗಡು ತಡೆಯುತ್ತದೆ, ಕೊಳೆತದ್ದು ತೂತಾಗುತ್ತದೆ. ಮಾರುವವರಿಗೆ ಹೇಳಿಯೇ ಒತ್ತಿ.

ಟಿಂಕರಿಂಗ್‌ನಲ್ಲಿ, ಅಂದರೆ ತಗಡಿನ ಕೆಲಸದಲ್ಲಿ, ದುಡ್ಡು ಉಳಿಸಲು ಹೋದರೆ ಒಂದು ಅಡ್ಡದಾರಿ ಸಿಗುತ್ತದೆ. ತುಕ್ಕಿನ ಮೇಲೇ ಹೊಸ ತಗಡು ಇಟ್ಟು, ರಿವೆಟ್ ಹೊಡೆದು, ಮೇಲೆ ಕಪ್ಪು ಕೋಟಿಂಗ್ ಬಳಿಯುವುದು. ನನಗೂ ಒಂದು ಗ್ಯಾರೇಜಿನಲ್ಲಿ ಇದನ್ನೇ ಹೇಳಿದರು, ರೇಟು ಅರ್ಧಕ್ಕಿಂತ ಕಡಿಮೆ. ಬೇಡ ಅಂದೆ. ಕೆಳಗಿನ ತುಕ್ಕು ಬೆಳೆಯುತ್ತಲೇ ಇರುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೆ. ಕೊಳೆತ ತಗಡನ್ನು ಒಳ್ಳೆ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಹೊಸ ತುಂಡನ್ನು ಸುತ್ತ ವೆಲ್ಡ್ ಮಾಡಬೇಕು. ಆಮೇಲೆ ಪ್ರೈಮರ್, ಜಾಯಿಂಟ್‌ಗೆ ಸೀಲರ್, ಕೊನೆಗೆ ಅಂಡರ್ ಕೋಟಿಂಗ್. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಬಿಚ್ಚಿಸಿ, ಕಾರ್ಪೆಟ್ ತೆಗೆಸಿ. ಹಿಂದುಗಡೆ ಕೆಲಸ ಇದ್ದರೆ ಪೆಟ್ರೋಲ್ ಟ್ಯಾಂಕ್ ಇಳಿಸಲೇಬೇಕು, ಇದರಲ್ಲಿ ಚೌಕಾಶಿ ಇಲ್ಲ.

ನನ್ನ ಕಾರು ಮಾಡಿದ ಟಿಂಕರ್ ಭಾಯ್ ಮುಂದಿನ ಭಾಗವನ್ನು ಎಳೆದು ನೇರ ಮಾಡಿದ ಮೇಲೆ ಟೇಪ್ ಹಿಡಿದು ಕೂತರು. ಎಡಗಡೆ ಸ್ಟ್ರಟ್ಟಿನಿಂದ ಬಲಗಡೆ ಮೂಲೆಗೆ, ಬಲಗಡೆ ಸ್ಟ್ರಟ್ಟಿನಿಂದ ಎಡಗಡೆ ಮೂಲೆಗೆ ಅಡ್ಡಡ್ಡ ಅಳತೆ. "ಎರಡೂ ಒಂದೇ ಬರ್ಬೇಕು ಸಾರ್, ಇಲ್ಲಾಂದ್ರೆ ಗಾಡಿ ಒಂದು ಕಡೆ ಎಳಿತದೆ" ಅಂದರು. ಬರಲಿಲ್ಲ. ಮತ್ತೆ ಎಳೆದರು, ಮತ್ತೆ ಅಳೆದರು. ಅವರ ಕೈಗೆ ಕೊಟ್ಟ ದುಡ್ಡು ಇಡೀ ಬಜೆಟ್ಟಿನ ಅರ್ಧ ಆಯಿತು. ಒಂದು ರೂಪಾಯಿಯೂ ಜಾಸ್ತಿ ಅನ್ನಿಸಿಲ್ಲ.

ಎಂಜಿನ್ ವಿಷಯ ಇದಕ್ಕಿಂತ ಸಲೀಸು. 1983ರ ಡಿಸೆಂಬರಿನಲ್ಲಿ ಶುರುವಾದ 800, 2014ರ ಜನವರಿಯಲ್ಲಿ ನಿಂತಿತು. 25 ಲಕ್ಷಕ್ಕೂ ಜಾಸ್ತಿ ಕಾರು ತಯಾರಾದವು. ಅಷ್ಟೂ ವರ್ಷ ಅದೇ 796 ಸಿಸಿ, ಮೂರು ಸಿಲಿಂಡರ್. ಹಾಗಾಗಿ ಸಾಮಾನಿಗೂ ಕಷ್ಟವಿಲ್ಲ, ಕೆಲಸ ಗೊತ್ತಿರುವವರಿಗೂ ಕಷ್ಟವಿಲ್ಲ. ಚಿಕ್ಕ ಬಜೆಟ್ಟಿನವರು ಈ ಕಾರನ್ನೇ ಹಿಡಿಯಬೇಕು ಅನ್ನುವುದು ಇದಕ್ಕೇ. ಕಡಿಮೆ ರೇಟಿಗೆ ಹಳೇ ಜರ್ಮನ್ ಕಾರು ಕೂಡ ಸಿಗುತ್ತದೆ, ಆದರೆ ಅದರ ಸಾಮಾನಿನ ರೇಟು ಕಡಿಮೆ ಆಗಿರುವುದಿಲ್ಲ. ಎಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಚೆಕ್ ಮಾಡಿಸಿ. ನನ್ನದು ಚೆನ್ನಾಗಿತ್ತು, ಸುಮ್ನೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಖರ್ಚು ಉಳಿಯಿತು. ಟ್ಯಾಂಕ್ ತೊಳೆಸಿ, ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಸಿದ ಮೇಲೆ ಸ್ಟಾರ್ಟ್ ಆಯಿತು. ಪೆಟ್ರೋಲ್ ಪೈಪುಗಳನ್ನು ಮಾತ್ರ ಎಲ್ಲವನ್ನೂ ಬದಲಾಯಿಸಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲು, ಆ ಕಾಲದ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ ತಗೊಳ್ಳಿ.

ಬ್ರೇಕಿನಲ್ಲಿ ವೀಲ್ ಸಿಲಿಂಡರ್, ರಬ್ಬರ್ ಹೋಸ್, ಫ್ಲೂಯಿಡ್ ಮೂರೂ ಹೊಸದು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಿಂತ ಕಾರಿನಲ್ಲಿ ಅದನ್ನು ನಂಬಬಾರದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2311 ಅಂತ ಇದ್ದರೆ 2011ರ 23ನೇ ವಾರದ್ದು. ಗ್ರಿಪ್ ಎಷ್ಟೇ ಇರಲಿ, ಅಂಥದ್ದು ಬೇಡ.

ಮಾಡಿಫಿಕೇಶನ್ ಬೇಡ ಅಂತ ನಾನು ಹೇಳುವುದಿಲ್ಲ. ಹೆಡ್‌ಲೈಟಿಗೆ ರಿಲೇ (ಕರೆಂಟಿನಿಂದ ಆನ್ ಆಫ್ ಆಗುವ ಚಿಕ್ಕ ಸ್ವಿಚ್) ಹಾಕಿಸಿದೆ. ಹಳೇ ಸ್ವಿಚ್ಚಿನ ಮೂಲಕ ಹೋಗುತ್ತಿದ್ದ ಕರೆಂಟ್ ಈಗ ಬ್ಯಾಟರಿಯಿಂದ ರಿಲೇ ಮೂಲಕ ಸೀದಾ ಬಲ್ಬಿಗೆ ಹೋಗುತ್ತದೆ. ಬಲ್ಬ್ ಅದೇ, ಬೆಳಕು ಜಾಸ್ತಿ, ಸ್ವಿಚ್ ಬಿಸಿಯಾಗುವುದಿಲ್ಲ. ಆಗುಂಬೆ ಮಳೆಯಲ್ಲಿ ಓಡಿಸುವವರಿಗೆ ಇದರ ಬೆಲೆ ಗೊತ್ತು. ಖರ್ಚು ತೀರಾ ಕಡಿಮೆ. ಆದರೆ ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವುದು, 12 ಇಂಚಿನ ಜಾಗಕ್ಕೆ ಅಗಲವಾದ ದೊಡ್ಡ ಚಕ್ರ ತುರುಕುವುದು ನೋಡಿದರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ. ಸುಮಾರು 650 ಕೆಜಿಯ ಕಾರು ಅದು. ಸ್ಟೀರಿಂಗ್ ಭಾರ ಆಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ, ಸ್ಪೀಡೋಮೀಟರ್ ಕೂಡ ತಪ್ಪು ತೋರಿಸಬಹುದು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಬೇರೆ ಬಣ್ಣ ಹೊಡೆಸಿದರೆ ಆರ್‌ಟಿಒದಲ್ಲಿ ಬರೆಸಬೇಕು. ನಾನು ಹಳೇ ಬಿಳಿಯನ್ನೇ ಹೊಡೆಸಿದೆ.

ಕಾಗದದ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ. 15 ವರ್ಷದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. ಕಾರಿಗೆ 600 ಇದ್ದ ಫೀಸು 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಒಳ್ಳೆ ಸ್ಥಿತಿಯಲ್ಲಿ ಇಟ್ಟುಕೊಂಡು, ಹೊಗೆ ಟೆಸ್ಟ್ ಪಾಸಾಗಿ, ತಿಂಗಳಿಗೆ ನಾಲ್ಕು ಸಲ ಹೊರಗೆ ತೆಗೆಯುವ ಕಾರಿಗೂ ಇಷ್ಟು ಹಾಕುವುದು ಅನ್ಯಾಯ ಅಂತ ನನ್ನ ಅಭಿಪ್ರಾಯ. ವಯಸ್ಸು ನೋಡುವ ಬದಲು ಗಾಡಿಯ ಸ್ಥಿತಿ ನೋಡಿ ಫೀಸು ಇಡಬೇಕಿತ್ತು, ಅಲ್ವಾ?

ಇಂಥ ಕೆಲಸ ಮಾಡುವ ಟಿಂಕರ್‌ಗಳು ಕಡಿಮೆ ಆಗುತ್ತಿದ್ದಾರೆ. ಈಗಿನ ಗ್ಯಾರೇಜುಗಳಲ್ಲಿ ಪ್ಯಾನಲ್ ಬದಲಾಯಿಸುತ್ತಾರೆ, ತಗಡು ತಟ್ಟಿ ಕೂರಿಸುವವರು ಸಿಗುವುದಿಲ್ಲ. ನಿಮ್ಮೂರಿನಲ್ಲಿ ಕೊಳೆತದ್ದನ್ನು ಪೂರ್ತಿ ಕತ್ತರಿಸಿ ತೆಗೆದು ಸರಿಯಾಗಿ ವೆಲ್ಡ್ ಮಾಡುವವರು ಇದ್ದರೆ ಊರು, ಏರಿಯಾ ಕೆಳಗೆ ಬರೆಯಿರಿ. ತೀರ್ಥಹಳ್ಳಿಯಲ್ಲಿ ನನ್ನ ಸ್ನೇಹಿತರೊಬ್ಬರ 800 ಕಾಯುತ್ತಾ ನಿಂತಿದೆ, ಮಳೆಗಾಲಕ್ಕೆ ಮೊದಲು ಅದರ ನೆಲ ಮಾಡಿಸಬೇಕು.